ಬಾಯಿಗೆ ಬಂದ ಮಾತು ಅರ್ಧಕ್ಕೇ ನಿಂತರೆ, ನಿಲ್ಲಿಸಿದವರು ಯಾರು?

ಕಿವಿಗೊಟ್ಟವಳು (ಬಸವನಗುಡಿ):

ಬೇರೆಯವರ ಮಾತು ಕೇಳಿಸಿಕೊಂಡು ಟೈಪ್ ಮಾಡೋದು ನನ್ನ ಕೆಲಸ. ಸದ್ಯ ಕೈಯಲ್ಲಿರೋದು ಬೆಂಗಳೂರಿನ ಹಳೇ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡಿದವರ ನೆನಪುಗಳು, ರೆಕಾರ್ಡ್ ಆಗಿ ಬಂದಿವೆ. ಕೆಲಸ ಕೊಟ್ಟವರು ಜೊತೆಗೊಂದು ಸೂಚನೆ ಹಾಳೆ ಕಳಿಸಿದ್ದಾರೆ. ಅದರ ಎರಡನೇ ಸಾಲು: ‘ತಡವರಿಕೆ, ಅರ್ಧಕ್ಕೆ ಬಿಟ್ಟ ಪದ, ತಿದ್ದಿಕೊಂಡ ಮಾತು ತೆಗೆದು ಶುದ್ಧ ಪ್ರತಿ ಕೊಡಿ.’ ಇಷ್ಟು ದಿನ ಯೋಚನೆ ಮಾಡದೆ ತೆಗೀತಾ ಇದ್ದೆ. ಹೋದ ವಾರ ಗಾಂಧಿಬಜಾರಿನಲ್ಲಿ ಹೂವು ಮಾರ್ತಿದ್ದ ಒಬ್ಬ ಅಜ್ಜಿಯ ಮಾತು ಬಂತು. ಅಲ್ಲಿ ಕೈ ನಿಂತುಬಿಡ್ತು.

‘ನಮ್ಮೆಜಮಾನ್ರು ಸತ್— ಅವ್ರು ಹೋದ್ಮ್ಯಾಲೆ ಅಂಗ್ಡಿ ಮುಚ್— ಬಾಗ್ಲು ಹಾಕಿದ್ವಿ, ಒಂದೇ ವಾರ ಅಷ್ಟೇಯ. ಆಮ್ಯಾಕೆ ನಾನೇ ಕುಂತ್ಕಂಡೆ. ಗಿರಾಕಿಗೆ ಹೂವಿಲ್— ಹೂವ ನಾಳೀಕೆ ಬತ್ತದೆ ಅನ್ಬೇಕು ಅಂತ ನಮ್ಮತ್ತೆ ಹೇಳ್ಕೊಟ್ಟಿದ್ರು.’

ಸೂಚನೆ ಪ್ರಕಾರ ಇದು ಏನಾಗುತ್ತೆ ಗೊತ್ತಾ? ‘ಯಜಮಾನರು ಹೋದ ಮೇಲೆ ಒಂದು ವಾರ ಬಾಗಿಲು ಹಾಕಿದ್ದೆವು. ಆಮೇಲೆ ನಾನೇ ಕೂತೆ. ಹೂವು ನಾಳೆ ಬರುತ್ತದೆ ಅನ್ನಬೇಕೆಂದು ಅತ್ತೆ ಹೇಳಿಕೊಟ್ಟಿದ್ದರು.’ ಮೂರು ಸಲ ತುಟಿವರೆಗೂ ಬಂದು ವಾಪಸ್ ಹೋದ ಮಾತು ಎಲ್ಲೂ ಇಲ್ಲ. ಅಜ್ಜಿಯ ಅರ್ಧ ಜೀವನ ಆ ಮೂರು ಗೀಟುಗಳಲ್ಲೇ ಇದೆ ಅಂತ ನನಗೆ ಅನಿಸ್ತು.

ಸೈಕಾಲಜಿ ಎಂ.ಎ. ಮಾಡುವಾಗ ಓದಿ ಮರೆತದ್ದು ಆಗ ನೆನಪಾಯ್ತು. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ 1957ರಲ್ಲಿ ತಂದ ‘ವರ್ಬಲ್ ಬಿಹೇವಿಯರ್’ ಪುಸ್ತಕದ 15ನೇ ಅಧ್ಯಾಯ ಪೂರ್ತಿ ಇದರ ಬಗ್ಗೆಯೇ, ಮಾತಾಡುವವರು ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳೋದು. ಅವರ ಪ್ರಕಾರ ಮಾತೂ ನಡೆಯೋ ಹಾಗೆ, ಬಾಗಿಲು ತಳ್ಳೋ ಹಾಗೆ ಒಂದು ವರ್ತನೆ. ವ್ಯತ್ಯಾಸ ಎಲ್ಲಿ ಅಂದರೆ, ಬಾಗಿಲನ್ನು ತಳ್ಳಿದರೆ ಬಾಗಿಲೇ ತೆರೆಯುತ್ತೆ, ‘ಬಾಗಿಲು ತೆಗೀರಿ’ ಅಂದರೆ ಇನ್ನೊಬ್ಬರು ಎದ್ದು ಬರಬೇಕು. ಫಲ ಇನ್ನೊಬ್ಬರ ಕೈಲಿ. ಹಾಗಾಗಿ ಶಿಕ್ಷೆಯೂ ಅವರ ಕೈಲೇ: ಬೈಗುಳ, ನಗು, ಮುಖ ತಿರುಗಿಸೋದು, ಕೆಲವು ಸಲ ಬರೀ ಮೌನ.

ಈಗ ಅಜ್ಜಿಗೆ ಬನ್ನಿ. ‘ಸತ್’ ಅನ್ನೋದು ಹೊರಗೆ ಬಂದ ಕೂಡಲೇ ಮೊದಲು ಮುಟ್ಟೋದು ಅವರದೇ ಕಿವಿಯನ್ನ. ಚಿಕ್ಕ ವಯಸ್ಸಿನಲ್ಲಿ ಈ ಪದ ಆಡಿದಾಗೆಲ್ಲ ಯಾರೋ ಗದರಿಸಿದ್ದಾರೆ ಅಂತಿಟ್ಟುಕೊಳ್ಳಿ. ಆ ಗದರಿಕೆಯ ಕಸಿವಿಸಿ ಪದದ ಮೊದಲ ಅರ್ಧಕ್ಕೇ ಅಂಟಿಕೊಂಡಿರುತ್ತೆ. ಅಲ್ಲಿಗೇ ನಿಲ್ಲಿಸಿದರೆ ಕಸಿವಿಸಿ ಹೋಗುತ್ತೆ. ಹೋದದ್ದೇ ಬಹುಮಾನ, ಅದರಿಂದ ನಿಲ್ಲಿಸೋ ಅಭ್ಯಾಸ ಇನ್ನೂ ಗಟ್ಟಿಯಾಗುತ್ತೆ. ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ‘ಋಣಾತ್ಮಕ ಪುನರ್ಬಲನ’ ಅಂತ ಹೆಸರಿತ್ತು, ಓದೋಕೇ ಭಯ ಆಗ್ತಿತ್ತು. ಮುಖ್ಯ ವಿಷಯ ಇಷ್ಟೇ: ತಲೆಯೊಳಗೆ ಕೆಂಪು ಪೆನ್ನು ಹಿಡಿದ ಸಂಪಾದಕ ಯಾರೂ ಕೂತಿಲ್ಲ. ಅಜ್ಜಿಯ ಅತ್ತೆ, ಅಮ್ಮ, ಗಿರಾಕಿಗಳು, ಅವರು ಹಿಂದೆ ಮಾಡಿದ್ದೇ ಈಗ ಕೆಲಸ ಮಾಡ್ತಾ ಇದೆ.

ನಿಮ್ಮ ಮಾತು ಎಲ್ಲಿ ತುಂಡಾಗುತ್ತೆ? ಯಾರ ಎದುರಿಗೆ? ಬರೀರಿ.

ಸುಮ್ನೆ ಓದ್ತೀನಿ:

ಇಷ್ಟುದ್ದ ಹಾಕೋ ಮುಂಚೆ ನೀವೂ ಒಂಚೂರು ತಿದ್ದಿಕೊಳ್ಳಬಹುದಿತ್ತು ಅಕ್ಕಾ. ಓದಿದೆ ಬಿಡಿ, ಪೂರ್ತಿ ಓದಿದೆ.

ರಾಮನಗರ ರೇಷ್ಮೆ:

ನಾನು ಎಂಟನೇ ಕ್ಲಾಸಿಗೆ ಬೆಂಗಳೂರಿಗೆ ಬಂದವನು. ನಮ್ಮೂರ ಕಡೆ ಹಾಲು ಅಂದ್ರೆ ಆಲು, ಹೆಂಗಸ್ರು ಅಂದ್ರೆ ಎಂಗುಸ್ರು. ಮನೇಲಿ ಯಾರಿಗೂ ಅದು ತಪ್ಪು ಅಂತ ಗೊತ್ತೇ ಇರಲಿಲ್ಲ. ಇಲ್ಲಿ ಸ್ಕೂಲಲ್ಲಿ ಎದ್ದು ನಿಂತು ಪಾಠ ಓದಿದೆ, ‘ಅಳ್ಳಿಯ ಅಸು ಆಲು ಕೊಡುತ್ತದೆ’ ಅಂತ. ಕ್ಲಾಸ್ ಪೂರ್ತಿ ಬಿದ್ದು ಬಿದ್ದು ನಗ್ತು. ಆ ನಗು ಇವತ್ತಿಗೂ ಕಿವೀಲಿದೆ.

ಆಮೇಲೆ ಆದದ್ದು ಇನ್ನೂ ಮಜಾ. ‘ಅ’ ಇಂದ ಶುರುವಾಗೋ ಪದ ಬಂದ್ರೆ ಸಾಕು, ಗಂಟಲು ತಾನಾಗೇ ಎಚ್ಚರ ಆಗೋದು. ಪಿಯುಸಿಯಲ್ಲಿ ವೇದಿಕೆ ಮೇಲೆ ನಿಂತು ‘ಮಾನ್ಯ ಹಧ್ಯಕ್ಷರೇ, ಹತಿಥಿಗಳೇ’ ಅಂದೆ. ಮತ್ತೆ ನಗು. ಹಕಾರ ಬಿಟ್ರೂ ನಗು, ಹಾಕಿದ್ರೂ ನಗು! ಈಗ ಆಫೀಸಲ್ಲಿ ಪ್ರೆಸೆಂಟೇಷನ್ ಇದ್ರೆ ‘ಹೆಚ್ಚು’ ಅನ್ನೋ ಕಡೆ ‘ಜಾಸ್ತಿ’ ಅಂತೀನಿ. ಹಕಾರವೇ ಇಲ್ಲದ ಪದ ಹುಡುಕೋದ್ರಲ್ಲಿ ನನ್ನಷ್ಟು ಪಳಗಿದವರು ಬೆಂಗಳೂರಲ್ಲಿ ಇನ್ನೊಬ್ರಿಲ್ಲ.

ಕಿವಿಗೊಟ್ಟವಳು:

@ರಾಮನಗರ ರೇಷ್ಮೆ, ಇದು ಪಠ್ಯಪುಸ್ತಕಕ್ಕೆ ಹೋಗಬೇಕಾದ ಉದಾಹರಣೆ. ನಗು ನಿಮಗೆ ‘ಇಲ್ಲೇನೋ ಅಪಾಯ ಇದೆ’ ಅಂತ ಮಾತ್ರ ಕಲಿಸ್ತು. ಯಾವ ಪದಕ್ಕೆ ಹಕಾರ ಬೇಕು, ಯಾವುದಕ್ಕೆ ಬೇಡ ಅಂತ ಕಲಿಸಲಿಲ್ಲ. ಶಿಕ್ಷೆಯ ಗುಣವೇ ಅದು ಅಂತ ಸ್ಕಿನ್ನರ್ ಜೀವನಪೂರ್ತಿ ಹೇಳ್ತಾ ಬಂದರು: ಏನು ಮಾಡಬಾರದು ಅಂತ ಹೆದರಿಸುತ್ತೆ, ಏನು ಮಾಡಬೇಕು ಅಂತ ಹೇಳಿಕೊಡಲ್ಲ. ಹೆದರಿಕೆ ಪಕ್ಕದ ಪದಗಳಿಗೂ ಹರಡುತ್ತೆ, ‘ಹಧ್ಯಕ್ಷರು’ ಹುಟ್ಟೋದು ಹಾಗೆ. ‘ಹೆಚ್ಚು’ ಬಿಟ್ಟು ‘ಜಾಸ್ತಿ’ ಅನ್ನೋದಂತೂ ಪಕ್ಕಾ ತಪ್ಪಿಸಿಕೊಳ್ಳೋ ವರ್ತನೆ. ಕೇಳಿದವರಿಗೆ ನೀವು ತಿದ್ದಿಕೊಂಡಿದ್ದೇ ಗೊತ್ತಾಗಲ್ಲ, ಯಾಕಂದ್ರೆ ತಿದ್ದುಪಡಿ ಬಾಯಿಗೆ ಬರೋ ಮುಂಚೆನೇ ಮುಗಿದಿರುತ್ತೆ.

ನಿವೃತ್ತ ಮೇಷ್ಟ್ರು (ಮಲ್ಲೇಶ್ವರ):

ರಾಮನಗರದ ತಮ್ಮಾ, ನಕ್ಕವರಿಗೆ ಒಂದು ಮಾತು ಹೇಳಬೇಕಿತ್ತು ನೀನು. ಹಳಗನ್ನಡದಲ್ಲಿ ಅದು ‘ಪಾಲ್’. ಹೂವು ‘ಪೂ’, ಹಳ್ಳಿ ‘ಪಳ್ಳಿ’. ಆ ಪಕಾರ ಸವೆದು ಹಕಾರ ಆಯಿತು, ನಿಮ್ಮ ಕಡೆ ಅದೂ ಸವೆದು ಆಲು ಆಯಿತು. ನಕ್ಕವರು ಒಂದು ಮೆಟ್ಟಿಲು ಇಳಿದವರು, ನೀನು ಎರಡು. ಮೂವತ್ತು ವರ್ಷ ಪಾಠ ಮಾಡುವಾಗ ನಾನೂ ಎಷ್ಟೋ ಮಕ್ಕಳ ಹಕಾರಕ್ಕೆ ನಕ್ಕಿದ್ದೇನೆ. ಅದು ಈಗ ನೆನಪಾಗುತ್ತಿದೆ.

ಮೂಲ ವಿಷಯಕ್ಕೆ ಬರುತ್ತೇನೆ. ಸ್ಕಿನ್ನರ್ ಪುಸ್ತಕ ನಾನು ಓದಿಲ್ಲ. ಆದರೆ ಹೂವಿನ ಅಜ್ಜಿ ಮಾಡಿದ್ದು ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಾಗಿಯೇ ಇತ್ತು. ಅಕ್ಕಿ ಮುಗಿದರೆ ‘ಇಲ್ಲ’ ಎನ್ನಬಾರದು, ‘ತುಂಬಿದೆ’ ಎನ್ನಬೇಕು. ಬಳೆ ಒಡೆದರೆ ‘ಹೆಚ್ಚಿತು’. ದೀಪ ಆರಿಸು ಎನ್ನುವಂತಿಲ್ಲ, ‘ದೊಡ್ಡದು ಮಾಡು’. ರಾತ್ರಿ ಹೊತ್ತು ಹಾವು ಎಂದರೆ ಅಜ್ಜಿ ತೊಡೆಗೆ ಚಿವುಟುತ್ತಿದ್ದಳು, ‘ಹುಳ’ ಎನ್ನಬೇಕು. ಮನೆ ಬಿಟ್ಟು ಹೊರಡುವಾಗ ‘ಹೋಗ್ತೀನಿ’ ಎಂದರೆ ಹೊಸಿಲಲ್ಲೇ ನಿಲ್ಲಿಸಿ ‘ಹೋಗಿ ಬರ್ತೀನಿ’ ಎನ್ನಿಸುತ್ತಿದ್ದರು. ಇನ್ನು ಬಾಯಿ ತಪ್ಪಿ ಏನಾದರೂ ಅಶುಭ ಬಂದರೆ? ‘ಬಿಡ್ತು ಅನ್ನು!’ ಎನ್ನುತ್ತಿದ್ದರು. ‘ಬಿಡ್ತು’ ಎಂದರೆ ಆಡಿದ ಮಾತು ಅಲ್ಲಿಗೆ ರದ್ದು. ಆಡಿಬಿಟ್ಟ ಮಾತನ್ನು ಹಿಂದಕ್ಕೆ ಕರೆಯಲು ಒಂದು ಪದವನ್ನೇ ಇಟ್ಟುಕೊಂಡ ಜನ ನಾವು. ಇದಕ್ಕೆ ನಿಮ್ಮ ಪುಸ್ತಕ ಏನು ಹೇಳುತ್ತದೆ?

ಕಿವಿಗೊಟ್ಟವಳು:

ಸಾರ್, ‘ಬಿಡ್ತು ಅನ್ನು’ ನನ್ನ ತಲೆಗೇ ಹೊಳೆದಿರಲಿಲ್ಲ! ಅದರಲ್ಲಿ ಎರಡು ಹಂತ ಕಾಣುತ್ತೆ. ಮೊದಲು ಅಮ್ಮ ಹೊರಗಿನಿಂದ ಹೇಳ್ತಾರೆ, ಮಗು ‘ಬಿಡ್ತು’ ಅನ್ನುತ್ತೆ, ಅಮ್ಮನ ಮುಖ ಸಡಿಲ ಆಗುತ್ತೆ. ಕೆಲವು ವರ್ಷ ಆದಮೇಲೆ ಅಮ್ಮ ಪಕ್ಕದಲ್ಲಿ ಇಲ್ಲದಿದ್ದರೂ ನಾವೇ ‘ಬಿಡ್ತು ಬಿಡ್ತು’ ಅಂದುಕೊಳ್ತೀವಿ. ಕೇಳುವವರ ಜಾಗಕ್ಕೆ ನಾವೇ ಬಂದು ಕೂತಿರ್ತೀವಿ.

ಪುಸ್ತಕದಲ್ಲಿ ಇದಕ್ಕೆ ಹತ್ತಿರದ್ದು ಆಟೋಕ್ಲಿಟಿಕ್ ಅನ್ನೋ ಪರಿಕಲ್ಪನೆ. ಮಾತಿನ ಮೇಲೆ ಆಡೋ ಮಾತು, ಕೇಳುವವರು ಆ ಮಾತನ್ನ ಹೇಗೆ ತಗೋಬೇಕು ಅಂತ ಹೇಳೋದು. ‘ತಪ್ಪು ತಿಳ್ಕೋಬೇಡಿ’, ‘ನನಗೆ ಅನ್ಸೋ ಪ್ರಕಾರ’, ‘ಅಂದ್ರೆ ಹಂಗಲ್ಲ’. ಮಾತನ್ನ ಪೂರ್ತಿ ನುಂಗೋ ಬದಲು ಮೆತ್ತಗೆ ಮಾಡಿ ಬಿಡೋದು. ಕನ್ನಡದ ‘ಅಂತೆ’ ಇದರಲ್ಲಿ ಚಾಂಪಿಯನ್. ‘ಅವರ ಮಗಳು ಮನೆ ಬಿಟ್ಟು ಹೋದ್ಳು’ ಅಂದುಬಿಟ್ಟು, ಎದುರಿನವರ ಹುಬ್ಬು ಮೇಲೆ ಹೋದ ಕೂಡಲೇ ಕೊನೆಗೆ ‘ಅಂತೆ’ ಸೇರಿಸಿದರೆ ಜವಾಬ್ದಾರಿ ಊರಿನ ಮೇಲೆ.

ಮರದ ಹುಳು:

ಭಾಷಾವಿಜ್ಞಾನದ ವಿದ್ಯಾರ್ಥಿ ನಾನು. (ವಾಕ್ಯದ ರಚನೆ ತೋರಿಸೋ ಸಿಂಟ್ಯಾಕ್ಸ್ ಮರ ಬಿಡಿಸಿ ಬಿಡಿಸಿ ಈ ಹೆಸರು.) ಚರ್ಚೆ ಚೆನ್ನಾಗಿದೆ, ಆದರೆ ಯಾರೂ 1959 ಅನ್ನೋದನ್ನೇ ಎತ್ತುತ್ತಾ ಇಲ್ಲವಲ್ಲ? ಆ ವರ್ಷ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಸ್ಕಿನ್ನರ್ ಅವರ ಈ ಪುಸ್ತಕದ ವಿಮರ್ಶೆ ಬರೆದರು. ವಾದದ ತಿರುಳು: ಪ್ರಯೋಗಾಲಯದಲ್ಲಿ ಇಲಿ ಸನ್ನೆಗೋಲು ಒತ್ತಿತು, ಕಾಳು ಬಿತ್ತು, ಅಲ್ಲಿ ‘ಪುನರ್ಬಲನ’ಕ್ಕೆ ಅರ್ಥ ಇದೆ. ಅದೇ ಪದವನ್ನು ಮನುಷ್ಯರ ಮಾತಿಗೆ ತಂದರೆ ಯಾವುದಕ್ಕೆ ಬೇಕಾದರೂ ಅಂಟಿಸಬಹುದು. ‘ಯಾರೋ ಗದರಿಸಿದ್ದಾರೆ ಅಂತಿಟ್ಟುಕೊಳ್ಳಿ’ ಅಂತ ನೀವೇ ಬರೆದಿದ್ದೀರಿ ಮೇಡಂ. ಇಟ್ಟುಕೊಂಡರೆ ಏನು ಬೇಕಾದರೂ ವಿವರಿಸಬಹುದು.

ಇನ್ನೊಂದು. ತಿದ್ದಿಕೊಳ್ಳೋದರ ಬಗ್ಗೆ ನಿಜವಾದ ದತ್ತಾಂಶ ಇಟ್ಟುಕೊಂಡು ಕೆಲಸ ಮಾಡಿದವರು ಲೆವೆಲ್ಟ್. 1983ರ ಲೇಖನ. ಬಣ್ಣದ ಚುಕ್ಕೆಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರಗಳನ್ನು ಡಚ್ ಮಾತಾಡುವವರಿಂದ ವರ್ಣನೆ ಮಾಡಿಸಿ, ಅದರಲ್ಲಿ ಸಿಕ್ಕ 959 ತಿದ್ದುಪಡಿಗಳನ್ನು ಒಂದೊಂದಾಗಿ ನೋಡಿದರು. ಕಂಡದ್ದು: ಜನ ಪದ ತಪ್ಪಾಗಿದ್ದರೆ ಮಧ್ಯದಲ್ಲೇ ತುಂಡರಿಸೋ ಸಾಧ್ಯತೆ ಹೆಚ್ಚು. ಪದ ತಪ್ಪಲ್ಲ, ಇನ್ನೂ ಸ್ವಲ್ಪ ಸರಿಯಾಗಿ ಹೇಳಬಹುದಿತ್ತು ಅನ್ನೋ ಥರದ್ದಾದರೆ ಅದನ್ನು ಮುಗಿಸಿಯೇ ತಿದ್ದಿಕೊಳ್ಳುತ್ತಾರೆ. ಮತ್ತೆ ಶುರು ಮಾಡುವಾಗಲೂ ಎಲ್ಲೆಂದರಲ್ಲಿ ಶುರು ಮಾಡಲ್ಲ, ಹಳೇ ವಾಕ್ಯದ ರಚನೆಗೆ ಹೊಂದೋ ಹಾಗೇ ಮಾಡುತ್ತಾರೆ. ಅಂದಮೇಲೆ ಒಳಗೆ ರಚನೆ ಇದೆ, ಅದನ್ನು ಪರೀಕ್ಷಿಸೋ ವ್ಯವಸ್ಥೆ ಇದೆ. ಬರೀ ಕಸಿವಿಸಿಯಿಂದ ಇಷ್ಟು ಅಚ್ಚುಕಟ್ಟು ಬರಲ್ಲ.

ಸುಮ್ನೆ ಓದ್ತೀನಿ:

ಶುರುವಾಯ್ತು ನೋಡಿ ಕಾಳಗ. ಕಾಫಿ ತಗೊಂಡು ಬರ್ತೀನಿ.

ಕಿವಿಗೊಟ್ಟವಳು:

@ಮರದ ಹುಳು, ‘ಅಂತಿಟ್ಟುಕೊಳ್ಳಿ’ಗೆ ಸರಿಯಾಗಿ ಕುಟುಕಿದಿರಿ, ಒಪ್ಪಿದೆ. ಆ ವಿಮರ್ಶೆಗೆ 1970ರಲ್ಲಿ ಮ್ಯಾಕ್‌ಕಾರ್ಕೊಡೇಲ್ ಅನ್ನುವವರು ಉತ್ತರ ಬರೆದರು, ಅಷ್ಟರಲ್ಲಿ ಕೇಳುವವರೇ ಕಡಿಮೆ ಆಗಿದ್ದರು. ಅದಿರಲಿ.

ಲೆವೆಲ್ಟ್ ವಿಷಯ ತಲೇಲಿ ಉಳೀತು. ನಿನ್ನೆ ಸಂಜೆ ಕೂತು ಮೂರು ಹಳೇ ರೆಕಾರ್ಡಿಂಗ್ ಮತ್ತೆ ಕೇಳಿದೆ, ಈ ಸಲ ಬರೀ ತುಂಡಾದ ಜಾಗಗಳನ್ನ ಹುಡುಕ್ತಾ. ಹೆಚ್ಚಿಗೆ ಏನೂ ಇಲ್ಲ, ಆದರೂ ಕೇಳಿ. ಒಬ್ಬ ಪಾತ್ರೆ ವ್ಯಾಪಾರಿ ಇಸವಿ ತಪ್ಪಾಗಿ ಹೇಳ್ತಾರೆ: ‘ಎಪ್ಪತ್ತೆರಡ್ರಲ್ಲಿ, ಅಲ್ಲ ಅಲ್ಲ, ಎಪ್ಪತ್ನಾಕ್ರಲ್ಲಿ’. ತಪ್ಪು ಪದ, ಆದರೂ ಪೂರ್ತಿ ಮುಗಿಸಿದಾರೆ, ಆರಾಮಾಗಿ. ಅದೇ ಮನುಷ್ಯ ಪಕ್ಕದಂಗಡಿಯವರ ಜಾತಿ ಹೆಸರನ್ನ ಮೊದಲ ಅಕ್ಷರಕ್ಕೇ ಕತ್ತರಿಸಿ ‘ಅವ್ರು ಬೇರೆ ಜನ’ ಅಂತಾರೆ. ಜಾತಿ ಹೆಸರು ತಪ್ಪಲ್ಲ, ಅವರ ಪ್ರಕಾರ ಅದು ಸರಿಯಾದ ಮಾಹಿತಿನೇ. ಅಜ್ಜಿಯ ‘ಸತ್’ ಕೂಡ ಸುಳ್ಳಲ್ಲ, ಯಜಮಾನರು ನಿಜವಾಗಿ ಸತ್ತಿದ್ದಾರೆ. ನಿಮ್ಮ ಲೆವೆಲ್ಟ್ ಪ್ರಕಾರ ಇವೆಲ್ಲ ಮುಗಿಸಿ ತಿದ್ದಿಕೊಳ್ಳಬೇಕಾದ ಮಾತುಗಳು. ಆದರೆ ಇಲ್ಲಿ ಇವೇ ಕತ್ತಿ ಹಾಕಿದ ಹಾಗೆ ತುಂಡಾಗಿವೆ.

ನನ್ನ ಊಹೆ: ಬಣ್ಣದ ಚುಕ್ಕೆ ವರ್ಣನೆಯಲ್ಲಿ ಯಾರಿಗೂ ಪೆಟ್ಟು ಬೀಳಲ್ಲ. ಹಸಿರು ಅನ್ನೋ ಕಡೆ ಕೆಂಪು ಅಂದರೆ ಯಾರ ಮುಖವೂ ಸಿಂಡರಿಸಲ್ಲ. ಹಾಗಾಗಿ ಅಲ್ಲಿ ಸರಿ-ತಪ್ಪು ಒಂದೇ ಲೆಕ್ಕಕ್ಕೆ ಬಂತು. ಗಾಂಧಿಬಜಾರಿನಲ್ಲಿ ತಪ್ಪಿಗಿಂತ ಪೆಟ್ಟು ದೊಡ್ಡದು.

ಮರದ ಹುಳು:

ಮೂರು ರೆಕಾರ್ಡಿಂಗಿಗೆ ಸಿದ್ಧಾಂತ ಕಟ್ಟಬೇಡಿ ಅಂತ ಹೇಳೋಣ ಅಂತಿದ್ದೆ. ಆದರೆ ಜಾತಿ ಹೆಸರಿನ ಉದಾಹರಣೆ ಸುಲಭಕ್ಕೆ ತಳ್ಳಿ ಹಾಕೋ ಹಾಗಿಲ್ಲ. ನನ್ನ ಎದುರಾಳಿ ಪಕ್ಷಕ್ಕೆ ನಾನೇ ಒಂದು ಅಸ್ತ್ರ ಕೊಡ್ತೀನಿ: 1982ರಲ್ಲಿ ಮಾಟ್ಲಿ, ಕ್ಯಾಮ್ಡನ್, ಬಾರ್ಸ್ ಅನ್ನುವವರು ಒಂದು ಪ್ರಯೋಗ ಮಾಡಿದರು. ಪದಗಳ ಮೊದಲ ಅಕ್ಷರ ಅದಲುಬದಲಾದರೆ ಪೋಲಿ ಮಾತು ಆಗೋ ಥರದ ಜೋಡಿಗಳನ್ನು ವಿದ್ಯಾರ್ಥಿಗಳಿಂದ ಹೇಳಿಸಿದರು. ಬಾಯಿ ತಪ್ಪದೆ ಸರಿಯಾಗಿ ಹೇಳಿದವರ ಚರ್ಮದ ವಿದ್ಯುತ್ ಅಳತೆ (ಬೆವರಿದರೆ ಏರುತ್ತೆ) ಕೂಡ ಆ ಜೋಡಿಗಳಲ್ಲಿ ಏರಿತ್ತು. ಆಡದ ಮಾತಿಗೆ ಮೈ ಬೆವೆತಿತ್ತು ಅಂತಿಟ್ಟುಕೊಳ್ಳಿ (ನಾನೂ ಇಟ್ಟುಕೊಂಡೆ). ಅವರು ಅದನ್ನು ಒಳಗಿನ ಸಂಪಾದಕ ಇರೋದಕ್ಕೆ ಪುರಾವೆ ಅಂದರು. ನೀವು ಕಸಿವಿಸಿಗೆ ಪುರಾವೆ ಅಂತೀರಿ. ಒಂದೇ ಬೆವರು, ಎರಡು ಪಕ್ಷ.

ಕನ್ನಡದ್ದೇ ಒಂದು ಸೊಗಸು ಹೇಳಿಬಿಡ್ತೀನಿ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತೆ, ‘ಇಲ್ಲ’ ಅದರ ಬಾಲದಲ್ಲಿ ಬರುತ್ತೆ. ಮನೆ ಮಾಲೀಕರಿಗೆ ಬಾಡಿಗೆ ಬಗ್ಗೆ ಹೇಳೋನು ‘ಈ ತಿಂಗಳು ಐದನೇ ತಾರೀಕಿಗೆ ಕೊಡೋಕಾಗ’ ಅನ್ನೋವರೆಗೂ ಏನೂ ನಿರ್ಧಾರ ಆಗಿಲ್ಲ. ಮುಖ ನೋಡ್ತಾನೆ. ಮುಖ ಮೆತ್ತಗಿದ್ದರೆ ‘ಲ್ಲ ಅಂಕಲ್’. ಗಂಟಿಕ್ಕಿದ್ದರೆ ‘ಬಹುದು ಅಂಕಲ್’. ಕೊಡೋಕಾಗಲ್ಲ, ಕೊಡೋಕಾಗಬಹುದು, ಎರಡಕ್ಕೂ ಮುಕ್ಕಾಲು ದಾರಿ ಒಂದೇ. ತಿದ್ದಿದ್ದು ಗೊತ್ತೇ ಆಗಲ್ಲ. ಇಂಗ್ಲಿಷಿನವರಿಗೆ ‘ಇಲ್ಲ’ ಮೊದಲೇ ಬಂದುಬಿಡುತ್ತೆ, ಪಾಪ.

ಸುಮ್ನೆ ಓದ್ತೀನಿ:

ಈ ಬಾಡಿಗೆ ಉದಾಹರಣೆ ಅನುಭವದಿಂದ ಬಂದಿದ್ದು ಅಂತ ಗೊತ್ತಾಗ್ತಿದೆ ಗುರು.

ಧಾರವಾಡದ ಪೇಢಾ:

ನಾ ಹೇಳೂದು ಸ್ವಲ್ಪ ಬ್ಯಾರೆ ಐತಿ. ಇಲ್ಲಿಗೆ ಬಂದು ಆರು ವರ್ಷ ಆತು, ಮಾರತ್ತಹಳ್ಳಿ ಕಡೆ ಪಿಜಿ. ಮುಂಜಾನೆ ಅವ್ವನ ಜೋಡಿ ಫೋನಿನ್ಯಾಗ ‘ಊಟ ಮಾಡಾಕತ್ತೀನಿ ಬೇ’ ಅಂತೀನಿ. ರೂಮ್‌ಮೇಟ್ ಒಳಗ ಬಂದ್ಲಂದ್ರ ಅದೇ ಕಾಲ್‌ನ್ಯಾಗ ನನ್ನ ಮಾತು ‘ಮಾಡ್ತಾ ಇದೀನಿ ಅಮ್ಮ’ ಆಗ್ತೈತಿ. ಅವ್ವ ಕೇಳ್ತಾಳ, ‘ಯಾರ್ ಬಂದ್ರು?’ ಅಂತ! ಆಕಿಗೆ ನನ್ನ ಕ್ರಿಯಾಪದದ ಮ್ಯಾಲಿಂದ ರೂಮಿನ್ಯಾಗ ಎಷ್ಟ್ ಮಂದಿ ಅದಾರ ಅಂತ ತಿಳೀತೈತಿ.

ಯಾರೂ ನನಗ ಬೈದಿಲ್ರೀ. ಯಾರೂ ಕೆಟ್ಟ ರೀತಿ ನಕ್ಕೂ ಇಲ್ಲ. ‘ನಿಮ್ಮ ಭಾಷೆ ಎಷ್ಟು ಕ್ಯೂಟ್’ ಅಂದ್ರು, ಅಷ್ಟ. ಆ ಕ್ಯೂಟ್ ಅನ್ನೂದು ಬೈಗುಳಕಿಂತ ಹೆಚ್ಚಿಗಿ ಕೆಲಸ ಮಾಡೇತಿ. ಮೀಟಿಂಗಿನ್ಯಾಗ ಸೀರಿಯಸ್ ಮಾತು ಹೇಳೂ ಮುಂದ ಕ್ಯೂಟ್ ಆಗಾಕ ಯಾರಿಗೆ ಬೇಕಾಗೇತಿ?

ಆಟೋದಾಗಂತೂ ಇನ್ನೊಂದ್ ನಮೂನಿ. ಬಾಯಿ ತೆಗಿಯೂ ಮೊದಲ ಡ್ರೈವರ್ ಮಾರಿ ನೋಡಿ, ಹಿಂದಿನ ಗಾಜಿನ ಮ್ಯಾಲ ಏನ್ ಬರದೈತಿ ನೋಡಿ, ಕನ್ನಡ ಅನ್ನೂದೋ ಹಿಂದಿ ಅನ್ನೂದೋ ಅಂತ ಲೆಕ್ಕಾ. ಒಮ್ಮೆ ತಡವರಿಸಿ ‘ಭಯ್ಯಾ ಮೆಜೆಸ್ಟಿಕ್ ಬರ್ತೀರಿ ಕ್ಯಾ’ ಅಂದಿದ್ದೆ. ಅವ್ರು ಹಾವೇರಿಯವ್ರು. ‘ಬಾ ತಂಗಿ, ಕುಂದ್ರು’ ಅಂದ್ರು.

ಕಿವಿಗೊಟ್ಟವಳು:

ಹಾವೇರಿ ಅಣ್ಣನಿಗೆ ನಮಸ್ಕಾರ. ನೀವು ಹೇಳಿದ್ದನ್ನ ಸ್ಕಿನ್ನರ್ ಕೇಳುಗರ ಅಧ್ಯಾಯದಲ್ಲಿ ಹೇಳ್ತಾರೆ: ಎದುರಿಗಿರೋ ಕೇಳುಗರೇ ಒಂದು ಸೂಚನೆ, ಅವರಿದ್ದಾಗ ಒಂದು ಬಗೆಯ ಮಾತು ಬಲವಾಗುತ್ತೆ, ಇನ್ನೊಂದು ಬಗೆ ಸೊರಗುತ್ತೆ. ಯಾರ ಎದುರಿಗೆ ಮಾತು ಅಡಗುತ್ತೋ ಅವರಿಗೆ ‘ಋಣಾತ್ಮಕ ಕೇಳುಗರು’ ಅನ್ನಬಹುದು. ನಿಮ್ಮ ಕಥೇಲಿ ಒಂದೇ ಫೋನಿಗೆ ಇಬ್ಬರು ಕೇಳುಗರು, ಒಬ್ಬರು ಧಾರವಾಡದಲ್ಲಿ, ಒಬ್ಬರು ಬಾಗಿಲಲ್ಲಿ. ಬಾಗಿಲಲ್ಲಿದ್ದವರು ಗೆದ್ದರು.

‘ಕ್ಯೂಟ್’ ಬಗ್ಗೆ ನೀವು ಹೇಳಿದ್ದು ನನಗೆ ಹೊಸದು. ಹೊಗಳಿಕೆ ಥರ ಕಂಡರೂ ಮಾತು ಕಡಿಮೆ ಆಯ್ತು ಅಂದರೆ ಅದು ಶಿಕ್ಷೆಯೇ. ಹೆಸರು ಏನೇ ಇರಲಿ, ಪರಿಣಾಮದ ಮೇಲೆ ಗುರುತಿಸಬೇಕು ಅನ್ನೋದು ವರ್ತನಾವಾದದ, ಅಂದ್ರೆ ಸ್ಕಿನ್ನರ್ ಪಂಥದ, ಹಟ. ಇದೊಂದು ಹಟ ನನಗೆ ಪೂರ್ತಿ ಒಪ್ಪಿಗೆ.

ಮ್ಯೂಟ್ ಮಾಡಿ ಪ್ಲೀಸ್:

ವಿಡಿಯೋ ಕಾಲ್‌ನಲ್ಲಿ ನನ್ನ ಧ್ವನಿ ನನಗೇ ಸ್ವಲ್ಪ ತಡವಾಗಿ ವಾಪಸ್ ಬಂದ್ರೆ ಒಂದು ವಾಕ್ಯ ನೆಟ್ಟಗೆ ಮುಗಿಸೋಕಾಗಲ್ಲ. ಎಳೀತೀನಿ, ತೊದಲ್ತೀನಿ. ಅದೂ ಇದಕ್ಕೇ ಸೇರಿದ್ದಾ?

ವಾಕ್ ಥೆರಪಿ:

ಸೇರಿದ್ದೇ. ತನ್ನ ಧ್ವನಿ ತಡವಾಗಿ ಕೇಳಿಸಿದರೆ ಮಾತು ಕೆಡುತ್ತೆ ಅಂತ ಬರ್ನಾರ್ಡ್ ಲೀ 1950ರಲ್ಲೇ ತೋರಿಸಿದರು. ಸುಮಾರು 0.2 ಸೆಕೆಂಡ್ ತಡವಾದಾಗ ಹಾವಳಿ ಹೆಚ್ಚು. ಮಾತಾಡ್ತಾ ಮಾತಾಡ್ತಾ ನಮ್ಮನ್ನು ನಾವು ಕೇಳಿಸಿಕೊಳ್ಳುತ್ತಲೇ ಇರ್ತೀವಿ, ಅದು ಹಳಿ ತಪ್ಪಿದರೆ ಮಾತೂ ತಪ್ಪುತ್ತೆ. ತಮಾಷೆ ಅಂದರೆ, ತೊದಲುವವರಲ್ಲಿ ಕೆಲವರಿಗೆ ಅದೇ ತಡ ಮಾಡಿದ ಧ್ವನಿ ಕೇಳಿಸಿದರೆ ಮಾತು ಸರಾಗ ಆಗುತ್ತೆ.

ಇಲ್ಲಿವರೆಗೂ ಸುಮ್ನೆ ಓದ್ತಾ ಇದ್ದೆ, ಆದರೆ ಈ ಚರ್ಚೆಯಲ್ಲಿ ತಿದ್ದಿಕೊಳ್ಳೋದು ಏನೋ ಜಾಣತನ ಅನ್ನೋ ಧಾಟಿ ಬರ್ತಾ ಇದೆ, ಅದಕ್ಕೆ ಬರೀಲೇಬೇಕಾಯ್ತು. ನಾನು ದಿನಾ ನೋಡೋದು ಅದರ ಇನ್ನೊಂದು ಮುಖ. ತಿದ್ದಿಕೊಳ್ಳೋದು ಮಿತಿ ಮೀರಿದ ಮಕ್ಕಳು. ‘ಸರಿಯಾಗಿ ಹೇಳು’, ‘ನಿಧಾನವಾಗಿ ಹೇಳು’, ‘ಮತ್ತೆ ಹೇಳು’ ಅಂತ ಅಪ್ಪ ಅಮ್ಮ ಪ್ರೀತಿಯಿಂದಲೇ ಹೇಳ್ತಾರೆ. ಮನೇಲಿ ಕನ್ನಡ, ಶಾಲೇಲಿ ಇಂಗ್ಲಿಷ್, ಆಟದ ಜಾಗದಲ್ಲಿ ಹಿಂದಿ, ಮೂರು ಕಡೆಯೂ ಮೂರು ಥರ ತಿದ್ದಿಸಿಕೊಂಡ ಮಗು ಕೊನೆಗೆ ಬಾಯೇ ಬಿಡಲ್ಲ. ಭಾಷೆ ಮೂರಾದದ್ದು ತೊಂದರೆ ಅಲ್ಲ, ದಯವಿಟ್ಟು ಹಾಗೆ ಓದಬೇಡಿ. ಮೂರರಲ್ಲೂ ಬಾಯಿ ತೆಗೆದ ಕೂಡಲೇ ಒಬ್ಬರು ಕಾಯ್ತಾ ಇರೋದು ತೊಂದರೆ.

ಇದರ ಇತಿಹಾಸದಲ್ಲಿ ಒಂದು ಕೆಟ್ಟ ಅಧ್ಯಾಯ ಇದೆ. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ವೆಂಡೆಲ್ ಜಾನ್ಸನ್ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಅನ್ನೋ ವಿದ್ಯಾರ್ಥಿನಿ ಅನಾಥಾಲಯದ 22 ಮಕ್ಕಳ ಮೇಲೆ ಅಧ್ಯಯನ ಮಾಡಿದರು. ಸರಿಯಾಗಿ ಮಾತಾಡ್ತಿದ್ದ ಕೆಲವು ಮಕ್ಕಳಿಗೂ ‘ನಿನ್ನ ಮಾತಲ್ಲಿ ದೋಷ ಇದೆ, ಎಚ್ಚರಿಕೆಯಿಂದ ಮಾತಾಡು’ ಅಂತ ಪದೇ ಪದೇ ಹೇಳಲಾಯ್ತು. ಆ ಮಕ್ಕಳು ತೊದಲುವವರೇ ಆಗಿಹೋದರು ಅಂತ ಹೇಳೋಕಾಗಲ್ಲ, ಆದರೆ ಮಾತು ಕಡಿಮೆ ಮಾಡಿದರು, ಹಿಂಜರಿದರು, ಮುಖ ಮುಚ್ಚಿಕೊಂಡರು. ಆ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ.

ವರ್ತನಾವಾದಿಗಳ ಕಡೆಯದೂ ಹೇಳಬೇಕಲ್ಲ: 1958ರಲ್ಲಿ ಫ್ಲಾನಗನ್, ಗೋಲ್ಡಿಯಮಂಡ್, ಆಜ್ರಿನ್ ಸೇರಿ, ತೊದಲಿದ ಪ್ರತಿ ಸಲ ಕಿವಿಗೆ ಜೋರು ಶಬ್ದ ಕೊಟ್ಟರೆ ತೊದಲು ಕಡಿಮೆ ಆಗುತ್ತೆ ಅಂತ ತೋರಿಸಿದರು. ಪ್ರಯೋಗದ ಕೋಣೆಯಲ್ಲಿ ಕಡಿಮೆ ಆಯ್ತು, ನಿಜ. ನನ್ನ ಕೋಣೆಗೆ ಬರೋ ಮಗುವಿನ ಕಿವಿಗೆ ನಾನು ಶಬ್ದ ಊದಲ್ಲ.

ರಾಮನಗರ ರೇಷ್ಮೆ:

ಮೇಡಂ, ನಿಮ್ಮ ಮಾತು ಓದಿ ಒಂದು ಪ್ರಶ್ನೆ. ನನ್ನ ಮಗಳಿಗೆ ನಾಲ್ಕು ವರ್ಷ. ಅಜ್ಜಿ ಜೊತೆ ಇದ್ದು ಅವಳೂ ‘ಆಲು’ ಅಂತಾಳೆ. ತಿದ್ದಬೇಕೋ ಬೇಡ್ವೋ? ಪ್ರತಿ ಸಲ ಬಾಯಿಗೆ ಬರುತ್ತೆ, ನುಂಗ್ತೀನಿ.

ವಾಕ್ ಥೆರಪಿ:

ಅದು ದೋಷ ಅಲ್ಲ, ಅಜ್ಜಿಯ ಕನ್ನಡ. ಅವಳು ‘ಆಲು ಕೊಡು’ ಅಂದರೆ ನೀವು ‘ಹಾಲು ಬೇಕಾ? ತಗೋ ಹಾಲು’ ಅಂತ ಕೊಟ್ಟುಬಿಡಿ. ಕೇಳಿದ್ದು ಸಿಕ್ಕಿತು, ಇನ್ನೊಂದು ರೂಪವೂ ಕಿವಿಗೆ ಬಿತ್ತು. ‘ಹಾಲು ಅನ್ನು, ಆಮೇಲೆ ಕೊಡ್ತೀನಿ’ ಅಂತ ಲೋಟ ಹಿಂದಕ್ಕೆ ಹಿಡಿಯೋದು ಮಾತ್ರ ಬೇಡ.

ನಿವೃತ್ತ ಮೇಷ್ಟ್ರು (ಮಲ್ಲೇಶ್ವರ):

ಲೋಟ ಹಿಂದಕ್ಕೆ ಹಿಡಿದವನು ನಾನೇ. ನನ್ನ ಮೊಮ್ಮಗ ಈಗ ನನ್ನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ನನ್ನ ಮಗನಿಗೆ ಕೇಳಿದರೆ ಶಾಲೆಯ ಪ್ರಭಾವ ಅನ್ನುತ್ತಾನೆ. ಇವತ್ತು ಬೇರೆ ಅನುಮಾನ ಬರುತ್ತಿದೆ.

ಧಾರವಾಡದ ಪೇಢಾ:

ಸರ, ಹಂಗ ಅನ್ಕೋಬ್ಯಾಡ್ರಿ. ಅವನ ಮುಂದ ಒಮ್ಮೆ ನೀವ ಬೇಕಂತ ತಪ್ಪು ಇಂಗ್ಲಿಷ್ ಮಾತಾಡ್ರಿ. ಅವ ನಿಮ್ಮನ್ನ ತಿದ್ದಲಿ.

ನಿವೃತ್ತ ಮೇಷ್ಟ್ರು (ಮಲ್ಲೇಶ್ವರ):

ಬೇಕಂತ ಮಾತಾಡಬೇಕಿಲ್ಲಮ್ಮ, ಅದು ತಾನಾಗೇ ಬರುತ್ತದೆ.

ಮರದ ಹುಳು:

ಚರ್ಚೆ ಎಲ್ಲಿಂದ ಎಲ್ಲಿಗೋ ಹೋಯ್ತು, ಚೆನ್ನಾಗಿಯೇ ಹೋಯ್ತು. ಆದರೂ ನನ್ನ ಆಕ್ಷೇಪ ಹಾಗೇ ಇದೆ ಅಂತ ದಾಖಲಾಗಲಿ. ಯಾಕೆ ನಿಲ್ಲುತ್ತೆ ಅನ್ನೋದಕ್ಕೆ ಕಸಿವಿಸಿ ಉತ್ತರ ಆಗಬಹುದು. ನಿಂತ ಮೇಲೆ ‘ಅವ್ರು ಹೋದ್ಮ್ಯಾಲೆ’ ಅನ್ನೋದು ಇಷ್ಟು ಚೊಕ್ಕವಾಗಿ ಹಳೇ ವಾಕ್ಯದ ಜಾಗದಲ್ಲಿ ಹೇಗೆ ಕೂತುಕೊಳ್ಳುತ್ತೆ ಅನ್ನೋದಕ್ಕೆ ಆಗಲ್ಲ. 1934ರಲ್ಲಿ ಒಂದು ಊಟದ ಮೇಜಿನಲ್ಲಿ ತತ್ವಜ್ಞಾನಿ ವೈಟ್‌ಹೆಡ್ ಇದೇ ಸ್ಕಿನ್ನರ್‌ಗೆ ‘ಈ ಮೇಜಿನ ಮೇಲೆ ಯಾವ ಕಪ್ಪು ಚೇಳೂ ಬೀಳುತ್ತಿಲ್ಲ, ಅಂತ ನಾನೀಗ ಹೇಳೋದನ್ನು ನಿಮ್ಮ ಲೆಕ್ಕದಲ್ಲಿ ವಿವರಿಸಿ’ ಅಂತ ಸವಾಲು ಹಾಕಿದರಂತೆ. ಮರುದಿನ ಬೆಳಿಗ್ಗೆಯೇ ಸ್ಕಿನ್ನರ್ ಪುಸ್ತಕ ಶುರು ಮಾಡಿದರು. ಮುಗಿದದ್ದು 23 ವರ್ಷ ಆದಮೇಲೆ. ನಿಮಗೂ ಅಷ್ಟು ಸಮಯ ಕೊಟ್ಟಿದ್ದೇನೆ ಮೇಡಂ.

ಕಿವಿಗೊಟ್ಟವಳು:

23 ವರ್ಷ ಬೇಡ, ಇಷ್ಟು ಈಗಲೇ: ‘ಅವ್ರು ಹೋದ್ಮ್ಯಾಲೆ’ ಅನ್ನೋದು ಅಜ್ಜಿ ಸಾವಿರ ಸಲ ಕೇಳಿದ, ಆಡಿದ ಮಾತು. ಮೊದಲೇ ಕಟ್ಟಿಟ್ಟ ಹಾರ ಅದು, ಬಿಡಿ ಹೂವಲ್ಲ. ಆದರೆ ‘ಹೂವಿಲ್’ ಅನ್ನೋದು ‘ಹೂವ ನಾಳೀಕೆ ಬತ್ತದೆ’ ಆದದ್ದಕ್ಕೆ ನನ್ನ ಹತ್ರ ಅಷ್ಟು ಚೊಕ್ಕ ಉತ್ತರ ಇಲ್ಲ. ಅತ್ತೆ ಹೇಳ್ಕೊಟ್ಟಿದ್ದು ಅಂತ ಅಜ್ಜಿಯೇ ಅಂದಿದ್ದಾರೆ, ಸದ್ಯಕ್ಕೆ ಅತ್ತೆಯನ್ನೇ ನಂಬಿದೀನಿ.

ಕೆಲಸದ ಸುದ್ದಿ: ಇವತ್ತು ಕೆಲಸ ಕೊಟ್ಟವರಿಗೆ ಫೋನ್ ಮಾಡಿದೆ. ‘ನಿಮ್ಮ ಸೂಚನೆ ತಪ್’ ಅಂದು, ನಿಲ್ಲಿಸಿ, ‘ನಿಮ್ಮ ಸೂಚನೆ ಬಗ್ಗೆ ಒಂದು ಸಣ್ಣ ಡೌಟ್ ಇತ್ತು ಸಾರ್’ ಅಂದೆ. (ನಗಬೇಡಿ.) ಶುದ್ಧ ಪ್ರತಿಯ ಜೊತೆ ಇದ್ದದ್ದು ಇದ್ದ ಹಾಗೇ ಇನ್ನೊಂದು ಪ್ರತಿ ಕೊಡೋಕೆ ಒಪ್ಪಿದಾರೆ, ದುಡ್ಡು ಮಾತ್ರ ಒಂದಕ್ಕೇ. ಈಗ ಸಮಸ್ಯೆ ಗುರುತುಗಳದ್ದು. ತುಂಡಾದ ಪದಕ್ಕೆ ಗೀಟು ಹಾಕ್ತೀನಿ. ಆದರೆ ಪಾತ್ರೆ ವ್ಯಾಪಾರಿ ಒಂದು ಕಡೆ ಏನೂ ಆಡದೆ ನಾಲ್ಕು ಸೆಕೆಂಡ್ ಸುಮ್ಮನಿದ್ದು, ಉಗುಳು ನುಂಗಿ, ‘ಆಯ್ತು ಬಿಡಿ, ಅದೆಲ್ಲ ಯಾಕೆ’ ಅಂತಾರೆ. ಅದನ್ನ ಹೇಗೆ ಬರೀಲಿ? ಮೂರು ಚುಕ್ಕೆ ಸಾಕಾ?

ಮರದ ಹುಳು:

ಸೆಕೆಂಡ್ ಲೆಕ್ಕ ಆವರಣದಲ್ಲಿ ಹಾಕಿ. ಉಗುಳು ನುಂಗಿದ್ದನ್ನೂ ಬರೀರಿ.